ಮನೆಯ ಸಿಂಗಲ್ ಫೇಸ್ ಕರೆಂಟಿನಲ್ಲಿ ತ್ರೀ ಫೇಸ್ ಮಷೀನ್ ಓಡಿಸುವುದು: ಪ್ಲೇಟ್ ಓದುವುದರಿಂದ ಬೆಲ್ಟ್ ಹಾಕುವವರೆಗೆ

ನಮ್ಮ ಬಳ್ಳಾರಿ ಕಡೆ ಸೆಕೆಂಡ್ ಹ್ಯಾಂಡ್ ಮಷೀನಿಗೆ ಬರವಿಲ್ಲ. ತೋರಣಗಲ್ಲು ಕಡೆಯ ಯಾವುದೋ ವರ್ಕ್‌ಶಾಪ್ ಖಾಲಿಯಾದಾಗ ಬಂದ ಲೇತ್, ಬಡಗಿಯೊಬ್ಬರು ಮಾರಿದ ಬ್ಯಾಂಡ್ ಸಾ, ಗುಜರಿಯಲ್ಲಿ ಸಿಕ್ಕ ಪಿಲ್ಲರ್ ಡ್ರಿಲ್. ಎಲ್ಲ ಗಟ್ಟಿಮುಟ್ಟು, ರೇಟೂ ಕಮ್ಮಿ. ಕಮ್ಮಿ ಯಾಕೆ ಅಂದ್ರೆ ಮೋಟರ್ ತ್ರೀ ಫೇಸ್. ಕುಡುತಿನಿಯಲ್ಲೊಂದು, ಶಕ್ತಿನಗರದಲ್ಲೊಂದು ಅಷ್ಟು ದೊಡ್ಡ ಉಷ್ಣ ವಿದ್ಯುತ್ ಸ್ಥಾವರ ಇಟ್ಟುಕೊಂಡೂ ನಮ್ಮ ಮನೆಯೊಳಗೆ ಬರೋದು ಒಂದು ಫೇಸ್, ಒಂದು ನ್ಯೂಟ್ರಲ್, 230 ವೋಲ್ಟ್. ಮಷೀನ್ ಕೇಳೋದು ಮೂರು ಫೇಸ್, 415 ವೋಲ್ಟ್.

ಇದಕ್ಕೆ ದಾರಿ ಇದೆ. 2 ಎಚ್‌ಪಿವರೆಗೆ ಸುಲಭದ ದಾರಿ, 3 ಎಚ್‌ಪಿಗೆ ಸ್ವಲ್ಪ ಸುತ್ತು, ಅದರ ಮೇಲೆ ಹೋದರೆ ಜೆಸ್ಕಾಂ ಆಫೀಸಿನ ದಾರಿಯೇ ಸರಿ. ಆದರೆ ಬಹಳ ಜನ ಮೊದಲು ಅಂಗಡಿಗೆ ಹೋಗಿ ವಿಎಫ್‌ಡಿ (ಒಂದು ಫೇಸಿನಿಂದ ಮೂರು ಫೇಸ್ ಹುಟ್ಟಿಸಿ ಮೋಟರಿನ ಸ್ಪೀಡನ್ನೂ ಏರಿಸಿ ಇಳಿಸುವ ಎಲೆಕ್ಟ್ರಾನಿಕ್ ಡಬ್ಬಿ) ತರುತ್ತಾರೆ, ಆಮೇಲೆ ಮೋಟರ್ ನೋಡುತ್ತಾರೆ. ಇದು ಉಲ್ಟಾ. ಏನು ತರಬೇಕು ಅನ್ನೋದನ್ನು ತೀರ್ಮಾನ ಮಾಡೋದು ಮೋಟರಿನ ಮೇಲಿರುವ ಆ ಚಿಕ್ಕ ತಗಡಿನ ಪ್ಲೇಟ್.

ಮೊದಲು ಇದು ನಿಜವಾಗ್ಲೂ ಬೇಕಾ ನೋಡಿ

ಮೂರು ಸಂದರ್ಭದಲ್ಲಿ ಮುಂದಿನದನ್ನು ಓದುವ ಅಗತ್ಯವೇ ಇಲ್ಲ.

ಒಂದು, ನಿಮ್ಮದು ಜೀನ್ಸ್ ಹೊಲಿಯುವ ಮಷೀನ್ ಆಗಿದ್ದರೆ. ಬಳ್ಳಾರಿಯ ಓಣಿ ಓಣಿಯಲ್ಲೂ ಇರುವ ಈ ಮಷೀನುಗಳ ಕೆಳಗೆ ಹಳೆಯ ತ್ರೀ ಫೇಸ್ ಕ್ಲಚ್ ಮೋಟರ್ ಇದ್ದರೆ ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ. ಬಿಚ್ಚಿ ಪಕ್ಕಕ್ಕಿಟ್ಟು 220 ವೋಲ್ಟಿನ ಸರ್ವೋ ಮೋಟರ್ ಹಾಕಿಸಿ. ಸಾಮಾನ್ಯವಾಗಿ ಅದೇ ಬೋಲ್ಟ್ ತೂತಿಗೆ ಕೂರುತ್ತದೆ. ಕ್ಲಚ್ ಮೋಟರ್ ನೀವು ಹೊಲಿಯದೇ ಕೂತಾಗಲೂ ತಿರುಗುತ್ತಾ ಕರೆಂಟ್ ತಿನ್ನುತ್ತದೆ. ಸರ್ವೋ ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ.

ಎರಡು, ಮಷೀನಿಗೆ ಒಂದೇ ಸ್ಪೀಡ್ ಸಾಕು, ಬೆಲ್ಟಿನ ಮೋಟರ್ ಅದು, 1 ಎಚ್‌ಪಿ ಒಳಗಿನದು ಅಂತಾದರೆ. ಆಗ ಅದೇ ಆರ್‌ಪಿಎಂನ ಸಿಂಗಲ್ ಫೇಸ್ ಮೋಟರ್ ತಂದು ಕೂರಿಸಿಬಿಡಿ. ಶಾಫ್ಟಿನ ದಪ್ಪ, ಬುಡದ ಬೋಲ್ಟಿನ ಅಂತರ ಅಳೆದುಕೊಂಡು ಹೋಗಿ. ಬೆಂಚ್ ಗ್ರೈಂಡರ್, ಸಣ್ಣ ಡ್ರಿಲ್ಲಿಗೆ ಇದಕ್ಕಿಂತ ಸರಳವಾದದ್ದು ಇಲ್ಲ.

ಮೂರು, ಮನೆ ಮುಂದಿನ ಕಂಬದಲ್ಲಿ ತ್ರೀ ಫೇಸ್ ಲೈನ್ ಹೋಗಿದ್ದು ನಿಮಗೆ ಇದು ದಿನನಿತ್ಯದ ದುಡಿಮೆ ಆಗಿದ್ದರೆ. ಸೆಕ್ಷನ್ ಆಫೀಸಿಗೆ ಹೋಗಿ ತ್ರೀ ಫೇಸ್ ಸಂಪರ್ಕಕ್ಕೆ ಏನೇನು ಬೇಕು ಕೇಳಿ. ಡೆಪಾಸಿಟ್, ತಿಂಗಳ ಫಿಕ್ಸೆಡ್ ಚಾರ್ಜ್ ಎಲ್ಲಾ ಲೆಕ್ಕ ಹಾಕಿದರೂ 5 ಎಚ್‌ಪಿಯ ಮಷೀನ್ ಇರುವವರಿಗೆ ಇದೇ ಅಗ್ಗ ಬೀಳುತ್ತದೆ.

ಕಾನೂನಿನ ಮಾತೂ ಇಲ್ಲೇ ಹೇಳಿ ಮುಗಿಸುತ್ತೇನೆ. ಮನೆ ಮೀಟರಿನಲ್ಲಿ ಹವ್ಯಾಸಕ್ಕೆ, ಮನೆ ರಿಪೇರಿಗೆ ಲೇತ್ ತಿರುಗಿಸೋದು ಬೇರೆ. ಅದೇ ಮೀಟರಿನಲ್ಲಿ ಆರ್ಡರ್ ಹಿಡಿದು ಮಾಲು ಮಾಡಿ ಮಾರೋದು ಬೇರೆ. ಎರಡನೆಯದು 2003ರ ವಿದ್ಯುತ್ ಕಾಯ್ದೆಯ ಸೆಕ್ಷನ್ 126ರಲ್ಲಿ ಅನಧಿಕೃತ ಬಳಕೆ ಅನ್ನಿಸಿಕೊಳ್ಳುತ್ತದೆ, ಸಂಬಂಧಪಟ್ಟ ದರದ ಎರಡು ಪಟ್ಟು ಕಟ್ಟಿಸಿಕೊಳ್ಳುತ್ತಾರೆ. ಗೃಹಜ್ಯೋತಿ ಇರುವ ಮನೆಯಾದರೆ ಇನ್ನೊಂದು ಲೆಕ್ಕ. 2 ಎಚ್‌ಪಿ ಮೋಟರ್ ಪೂರ್ತಿ ಲೋಡಿನಲ್ಲಿ ಗಂಟೆಗೆ ಹತ್ತಿರಹತ್ತಿರ 2 ಯೂನಿಟ್ ಎಳೆಯುತ್ತದೆ, ಅರ್ಧ ಲೋಡ್ ಅಂದ್ರೂ 1 ಯೂನಿಟ್. ದಿನಕ್ಕೆ 4 ಗಂಟೆಯಂತೆ 25 ದಿನ ಓಡಿಸಿದರೆ 100 ಯೂನಿಟ್. ಮನೆ ಬಳಕೆ ಸೇರಿ 200 ದಾಟಿತು ಅಂದ್ರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮ ಕೈಗೆ.

ಪ್ಲೇಟ್ ಓದುವುದು

ಹಳೆಯ ಮೋಟರಿನ ಪ್ಲೇಟ್ ಮೇಲೆ ಸಾಮಾನ್ಯವಾಗಿ ಮೂರು ಪದರ ಬಣ್ಣ, ಅದರ ಮೇಲೆ ಗ್ರೀಸ್ ಮೆತ್ತಿರುತ್ತದೆ. ಉಪ್ಪುಕಾಗದ ಹಾಕಿ ತಿಕ್ಕಬೇಡಿ, ಅಕ್ಷರವೂ ಹೋಗುತ್ತದೆ. ಸೀಮೆಎಣ್ಣೆ ಅಥವಾ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆಮೇಲೆ ಮೊಬೈಲಿನ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಕೊರೆದ ಅಕ್ಷರ ನೆರಳಿನಲ್ಲಿ ಎದ್ದು ಕಾಣುತ್ತದೆ. ಫೋಟೋ ತೆಗೆದಿಟ್ಟುಕೊಳ್ಳಿ, ಇದು ಇನ್ನೂ ಹತ್ತು ಸಲ ಬೇಕಾಗುತ್ತದೆ.

ನಿಮಗೆ ಬೇಕಾದದ್ದು ಕಿಲೋವ್ಯಾಟ್ ಅಥವಾ ಎಚ್‌ಪಿ, ವೋಲ್ಟ್, ಆಂಪ್, ಆರ್‌ಪಿಎಂ, ಮತ್ತೆ ಎಲ್ಲಕ್ಕಿಂತ ಮುಖ್ಯವಾಗಿ ಕನೆಕ್ಷನ್ ಅಂತ ಬರೆದಿರುವ ಜಾಗ. ಅಲ್ಲಿ ಮೂರು ಕವಲಿನ ಗುರುತು ಇದ್ದರೆ ಸ್ಟಾರ್. ತ್ರಿಕೋನ ಇದ್ದರೆ ಡೆಲ್ಟಾ.

ನಮ್ಮ ದೇಶದಲ್ಲಿ ತಯಾರಾದ ಸಣ್ಣ ಮೋಟರುಗಳು, ಅಂದ್ರೆ ಸುಮಾರು 2 ಎಚ್‌ಪಿವರೆಗಿನವು, ಸಾಮಾನ್ಯವಾಗಿ 415 ವೋಲ್ಟಿಗೆ ಸ್ಟಾರ್ ಕಟ್ಟಿರುತ್ತವೆ. 3 ಎಚ್‌ಪಿ ಹತ್ತಿರ ಎರಡೂ ಸಿಗುತ್ತವೆ. ಅದರ ಮೇಲಿನವು ಬಹುತೇಕ ಡೆಲ್ಟಾ. ಹೊರದೇಶದಿಂದ ಬಂದ ಹಳೆಯ ಮಷೀನಿನಲ್ಲಿ 220/380 ಅಂತ ಎರಡು ಅಂಕಿ ಇದ್ದರೆ ನಿಮ್ಮ ಅದೃಷ್ಟ. ಡೆಲ್ಟಾದಲ್ಲಿ 220, ಸ್ಟಾರಿನಲ್ಲಿ 380 ಅಂತ ಅದರ ಅರ್ಥ.

ಸ್ಟಾರ್ ಇದ್ದರೆ ಯಾಕೆ ಖುಷಿಪಡಬೇಕು? ಮೋಟರಿನ ಒಳಗೆ ಮೂರು ಸುರುಳಿ ಇವೆ. ಸ್ಟಾರಿನಲ್ಲಿ ಮೂರರ ಒಂದೊಂದು ತುದಿ ಒಂದು ಕಡೆ ಗಂಟು ಹಾಕಿರುತ್ತದೆ, ಹಾಗಾಗಿ ಎರಡು ಫೇಸಿನ ನಡುವೆ 415 ಇದ್ದರೂ ಒಂದೊಂದು ಸುರುಳಿಗೆ ಸಿಗೋದು 415 ಭಾಗಿಸು 1.732, ಅಂದ್ರೆ 240 ವೋಲ್ಟ್. ಆ ಸುರುಳಿಗೆ ಹುಟ್ಟಿನಿಂದ ಬೇಕಾಗಿದ್ದೇ 240! ಗಂಟು ಬಿಚ್ಚಿ ಡೆಲ್ಟಾ ಮಾಡಿದರೆ ಅದೇ ಮೋಟರ್ ಮನೆಯ ವೋಲ್ಟೇಜಿನಲ್ಲಿ ಪೂರ್ತಿ ತಾಕತ್ತಿನಿಂದ ಓಡುತ್ತದೆ. ಬಿಚ್ಚದೇ ಹಾಗೇ ಸ್ಟಾರಿನಲ್ಲಿ 230 ಕೊಟ್ಟರೆ ಮೋಟರ್ ತಿರುಗುತ್ತದೆ, ಆದರೆ ಟಾರ್ಕ್, ಅಂದ್ರೆ ತಿರುಗಿಸುವ ಬಲ, ಮೂರನೇ ಒಂದು ಪಾಲಿಗೆ ಬೀಳುತ್ತದೆ, ಟೂಲ್ ತಾಗಿಸಿದ ಕೂಡಲೇ ಗುರ್ ಅಂತ ನಿಂತುಬಿಡುತ್ತದೆ. "ವಿಎಫ್‌ಡಿ ಹಾಕಿದೆ, ಮಷೀನಿಗೆ ದಮ್ಮೇ ಇಲ್ಲ" ಅಂತ ಬೈಯುವವರ ಮೋಟರ್ ಡಬ್ಬಿ ಬಿಚ್ಚಿ ನೋಡಿ, ಹತ್ತರಲ್ಲಿ ಎಂಟು ಸಲ ಸ್ಟಾರಿನಲ್ಲೇ ಇರುತ್ತದೆ.

ಡಬ್ಬಿ ಬಿಚ್ಚಿ ನೋಡಿ: ಆರಾ, ಮೂರಾ?

ಮೋಟರಿನ ಟರ್ಮಿನಲ್ ಡಬ್ಬಿಯ ಮುಚ್ಚಳ ತೆಗೆಯಿರಿ. ಆರು ಹಿತ್ತಾಳೆ ಬೋಲ್ಟ್, ಮೂರು ಮೂರರ ಎರಡು ಸಾಲು, ಅವುಗಳ ನಡುವೆ ಚಪ್ಪಟೆ ಹಿತ್ತಾಳೆ ಪಟ್ಟಿಗಳು. ಪಟ್ಟಿಗಳು ಒಂದೇ ಸಾಲಿನ ಮೂರೂ ಬೋಲ್ಟನ್ನು ಅಡ್ಡಕ್ಕೆ ಸೇರಿಸಿದ್ದರೆ ಅದು ಸ್ಟಾರ್. ನಟ್ ಬಿಚ್ಚಿ ಅವೇ ಪಟ್ಟಿಗಳನ್ನು ಉದ್ದಕ್ಕೆ, ಮೇಲಿನ ಬೋಲ್ಟಿನಿಂದ ನೇರ ಕೆಳಗಿನ ಬೋಲ್ಟಿಗೆ, ಮೂರು ಕಡೆ ಹಾಕಿದರೆ ಡೆಲ್ಟಾ. ಗುರುತು ಇದ್ದರೆ ಹೀಗೆ ತಾಳೆ ನೋಡಿ: ಯು1ಕ್ಕೆ ಡಬ್ಲ್ಯು2, ವಿ1ಕ್ಕೆ ಯು2, ಡಬ್ಲ್ಯು1ಕ್ಕೆ ವಿ2. ಮುಚ್ಚಳದ ಒಳಭಾಗದಲ್ಲಿ ಚಿತ್ರವೂ ಇರುತ್ತದೆ, ಅದನ್ನೇ ನಂಬಿ. ವಾಷರ್ ಬಿಡಬೇಡಿ, ನಟ್ ಬಿಗಿಯಾಗಿರಲಿ. ಸಡಿಲ ನಟ್ಟಿನಿಂದ ಸುಟ್ಟ ಮೋಟರುಗಳೇ ಜಾಸ್ತಿ.

ಮೂರೇ ವೈರ್ ಹೊರಗೆ ಬಂದಿದ್ದರೆ ಸ್ಟಾರಿನ ಗಂಟು ಸುರುಳಿಯ ಒಳಗಡೆ ಹೂತಿದೆ ಅಂತ ಅರ್ಥ. ಇದು ಮನೆಯಲ್ಲಿ ಕೂತು ಮಾಡುವ ಕೆಲಸವಲ್ಲ. ವಾರ್ನಿಷ್ ಹಿಡಿದು ಗಟ್ಟಿಯಾದ ದಾರದ ಕಟ್ಟಿನೊಳಗೆ ಆ ಗಂಟು ಹುಡುಕಬೇಕು, ಎನಾಮಲ್ ಕೆರೆಯದ ಹಾಗೆ ಬಿಡಿಸಬೇಕು, ಮೂರು ಹೊಸ ವೈರ್ ಬೆಸೆದು ಸ್ಲೀವ್ ಹಾಕಿ ಮತ್ತೆ ಕಟ್ಟಿ ವಾರ್ನಿಷ್ ಹೊಡೆಯಬೇಕು. ಊರಿನ ಪಂಪ್‌ಸೆಟ್ ವೈಂಡಿಂಗ್ ಅಂಗಡಿಗೆ ಒಯ್ಯಿರಿ. ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆ ಈ ಕೈ ಪಳಗಿದವರು ಬೇಕಾದಷ್ಟು ಜನ ಇದ್ದಾರೆ. "ಅಣ್ಣಾ, ರಿವೈಂಡ್ ಬೇಡ, ಸ್ಟಾರ್ ಗಂಟು ಒಡೆದು ಆರೂ ತುದಿ ಹೊರಗೆ ತಂದುಕೊಡಿ" ಅಂತ ಸ್ಪಷ್ಟವಾಗಿ ಹೇಳಿ. ಸುಮ್ನೆ "ಸಿಂಗಲ್ ಫೇಸ್ ಮಾಡಿಕೊಡಿ" ಅಂದರೆ ಸುರುಳಿ ಎಲ್ಲಾ ಕಿತ್ತು ಬೇರೇನೋ ಸುತ್ತಿಕೊಟ್ಟಾರು. ವೈಂಡಿಂಗ್ ಅಂಗಡಿ ಗಿರಾಕಿ ಕೇಳಿದ್ದನ್ನೇ ಮಾಡುತ್ತದೆ, ತಪ್ಪು ಅವರದಲ್ಲ.

ಅಲ್ಲಿಗೆ ಹೋದಾಗ ಎರಡು ಪರೀಕ್ಷೆ ಮಾಡಿಸಿ. 500 ವೋಲ್ಟಿನ ಮೆಗ್ಗರಿನಲ್ಲಿ (ಇನ್ಸುಲೇಷನ್ ಅಳೆಯುವ ಮೀಟರ್) ಸುರುಳಿಗೂ ಬಾಡಿಗೂ ನಡುವೆ ಕನಿಷ್ಠ 1 ಮೆಗಾಓಮ್ ಬರಲೇಬೇಕು, ಒಳ್ಳೆಯ ಮೋಟರಿಗೆ ಅದರ ಎಷ್ಟೋ ಪಟ್ಟು ಬರುತ್ತದೆ. ಮಳೆಗಾಲದಲ್ಲಿ ಹೊರಗೆ ಬಿದ್ದಿದ್ದ ಮೋಟರ್ ಆದರೆ ಒಣಗಿಸಿ ಮತ್ತೆ ಅಳೆಯಿರಿ. ಇನ್ನೊಂದು, ಮೂರೂ ಸುರುಳಿಯ ಓಮ್ ಒಂದೇ ಸಮ ಇರಬೇಕು. ಒಂದು ಕಮ್ಮಿ ತೋರಿಸಿದರೆ ಆ ಸುರುಳಿ ಒಳಗೆ ಶಾರ್ಟ್ ಆಗಿದೆ, ಆಗ ರಿವೈಂಡೇ ಗತಿ.

ಪ್ಲೇಟಿನಲ್ಲಿ 415 ವೋಲ್ಟಿಗೇ ಡೆಲ್ಟಾ ಅಂತ ಇದ್ದರೆ? ಪಟ್ಟಿ ಬದಲಿಸಿ ಪ್ರಯೋಜನವಿಲ್ಲ, ಅದರ ಸುರುಳಿಗೆ ಪೂರ್ತಿ 415 ಬೇಕು. ಅಂಥ 3 ಎಚ್‌ಪಿ ಮೋಟರನ್ನು 230 ಡೆಲ್ಟಾಕ್ಕೆ ರಿವೈಂಡ್ ಮಾಡಿಸಬಹುದು, ಅಥವಾ ಬೇರೆ ಮೋಟರ್ ಹಾಕಬಹುದು. 220 ತಗೊಂಡು 380 ಅಥವಾ 415 ಕೊಡುವ ವಿಎಫ್‌ಡಿಗಳೂ ಸಿಗುತ್ತವೆ, ಒಳಗೆ ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಇರುತ್ತದೆ. ಮೋಟರಿಗಿಂತ ಒಂದೆರಡು ಅಳತೆ ದೊಡ್ಡದು ತಂದರೆ ಅವು ಕೆಲಸ ಮಾಡುತ್ತವೆ. ಆದರೆ ಪೆಟ್ಟಿಗೆ ಮೇಲೆ ಬರೆದ ಕಿಲೋವ್ಯಾಟನ್ನು ಹಾಗೇ ನಂಬುವ ಧೈರ್ಯ ನನಗಿಲ್ಲ.

ಕಂಡೆನ್ಸರ್, ರೋಟರಿ, ವಿಎಫ್‌ಡಿ

ಕಂಡೆನ್ಸರ್ ಹಾಕಿ ಪಂಪ್ ಎಬ್ಬಿಸೋದು ನಮ್ಮ ಕಡೆ ರೈತರಿಗೆ ಹೊಸದೇನಲ್ಲ. ಹಾಗಾಗಿ ಯಾರನ್ನು ಕೇಳಿದರೂ ಮೊದಲು ಬರುವ ಸಲಹೆ ಇದೇ. ಲೆಕ್ಕ ಸರಳ. ಡೆಲ್ಟಾ ಮಾಡಿದ ಮೋಟರಿನ ಎರಡು ತುದಿಗೆ ಫೇಸ್, ನ್ಯೂಟ್ರಲ್, ಮೂರನೆಯದಕ್ಕೆ ಕಂಡೆನ್ಸರ್ ಮೂಲಕ ಒಂದು ಲೈನ್. ಒಂದು ಕಿಲೋವ್ಯಾಟಿಗೆ ಸುಮಾರು 70 ಮೈಕ್ರೋಫ್ಯಾರಡ್, 440 ವೋಲ್ಟ್ ಎಸಿಯ ರನ್ ಕಂಡೆನ್ಸರ್. ಲೋಡಿನಲ್ಲಿ ಏಳಬೇಕಾದರೆ ಸ್ಟಾರ್ಟಿಗೆ ಮಾತ್ರ ಇನ್ನೂ ಅಷ್ಟೇ ಸೇರಿಸಿ, ಎದ್ದ ಮೇಲೆ ಬಿಡಿಸಬೇಕು. ಓಡುತ್ತದೆ, ಸುಳ್ಳಲ್ಲ. ಆದರೆ ಮೂರು ಜನ ಬೀಸಬೇಕಾದ ಕಲ್ಲನ್ನು ಇಬ್ಬರು ಬೀಸಿ ಮೂರನೆಯವನು ಸುಮ್ನೆ ಕೈ ಇಟ್ಟ ಹಾಗೆ. ತಾಕತ್ತು ಮೂರನೇ ಎರಡು ಪಾಲಿನ ಆಸುಪಾಸಿಗೆ ಇಳಿಯುತ್ತದೆ, ಖಾಲಿ ಓಡುವಾಗ ಮೂರನೇ ಸುರುಳಿ ಬಿಸಿ ಏರುತ್ತದೆ. ಡ್ರಿಲ್ಲಿಗೆ, ಗ್ರೈಂಡರಿಗೆ ಪರವಾಗಿಲ್ಲ. ಲೇತಿಗೆ ಬೇಡ. ಕೆಲಸದ ಮೇಲೆ ಆ ಅದುರು ಹಾಗೇ ಮೂಡುತ್ತದೆ.

ರೋಟರಿ ಕನ್ವರ್ಟರ್ ಅಂದ್ರೆ ಒಂದು ದೊಡ್ಡ ತ್ರೀ ಫೇಸ್ ಮೋಟರನ್ನು ಕಂಡೆನ್ಸರಿನಿಂದ ಎಬ್ಬಿಸಿ ಖಾಲಿ ಓಡಿಸಿ, ಅದರ ಮೂರನೇ ತುದಿಯಲ್ಲಿ ಹುಟ್ಟುವ ಫೇಸನ್ನು ಬೇರೆ ಮಷೀನಿಗೆ ಕೊಡೋದು. ಅತಿ ದೊಡ್ಡ ಮಷೀನಿನ ಒಂದೂವರೆ ಪಟ್ಟಾದರೂ ಈ ಮೋಟರ್ ಇರಬೇಕು. ನಾಲ್ಕೈದು ಮಷೀನ್ ಇರುವವರಿಗೆ ಇದು ಚೆನ್ನ. ಆದರೆ ಇಡೀ ದಿನ ಗುಂಯ್ ಅನ್ನುತ್ತಿರುತ್ತದೆ, ಬರೋದೂ 230 ವೋಲ್ಟಿನ ತ್ರೀ ಫೇಸೇ. 415 ಬೇಕಿದ್ದರೆ ಮಧ್ಯೆ ಟ್ರಾನ್ಸ್‌ಫಾರ್ಮರ್ ಬೇಕು. ಮನೆಯಲ್ಲಿ ಅತ್ತೆ ಮಾವ ಮಧ್ಯಾಹ್ನ ಮಲಗುವವರಾದರೆ ಈ ಆಸೆ ಬಿಟ್ಟುಬಿಡಿ.

ಒಂದು ಮಷೀನ್, 2 ಎಚ್‌ಪಿ ಒಳಗೆ, ಮನೆಯ ಶೆಡ್ಡು. ಇದಕ್ಕೆ ಉತ್ತರ ವಿಎಫ್‌ಡಿ. ಅದು ಒಳಗೆ ಬಂದ 230 ಎಸಿಯನ್ನು ಸುಮಾರು 325 ವೋಲ್ಟ್ ಡಿಸಿ ಮಾಡಿ, ಅದನ್ನು ಕತ್ತರಿಸಿ ಮೂರು ಫೇಸ್ ಹುಟ್ಟಿಸುತ್ತದೆ. ಸಾದಾ ವಿಎಫ್‌ಡಿ ಬಂದಿದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೊಡಲಾರದು, ಅದಕ್ಕೇ ಡೆಲ್ಟಾ ಪುರಾಣ ಅಷ್ಟು ಹೇಳಿದ್ದು. ಜೊತೆಗೆ ಸ್ಪೀಡ್ ನಿಮ್ಮ ಕೈಯಲ್ಲಿ, ಸ್ಟಾರ್ಟ್ ಮೆತ್ತಗೆ, ಮನೆ ಲೈಟ್ ಮಂಕಾಗೋದಿಲ್ಲ.

ಎಷ್ಟು ದೊಡ್ಡದು ತರಬೇಕು

ಕಿಲೋವ್ಯಾಟ್ ನೋಡಿ ತರಬೇಡಿ, ಆಂಪ್ ನೋಡಿ ತನ್ನಿ. ಪ್ಲೇಟಿನಲ್ಲಿ 415 ಸ್ಟಾರಿಗೆ 3.4 ಆಂಪ್ ಇದೆ ಅನ್ನಿ, 2 ಎಚ್‌ಪಿಗೆ ಅಷ್ಟಿರುತ್ತದೆ. ಡೆಲ್ಟಾ ಮಾಡಿದಾಗ ಅದನ್ನು 1.732ರಿಂದ ಗುಣಿಸಿ, 5.9 ಆಂಪ್. ವಿಎಫ್‌ಡಿಯ ಔಟ್‌ಪುಟ್ ಆಂಪ್ ಇದಕ್ಕಿಂತ ಜಾಸ್ತಿ ಇರಬೇಕು. 1.5 ಕಿಲೋವ್ಯಾಟಿನ 220 ವೋಲ್ಟ್ ವಿಎಫ್‌ಡಿ ಸಾಮಾನ್ಯವಾಗಿ 7 ಆಂಪ್ ಕೊಡುತ್ತದೆ, ಸಾಕು. ಏರ್ ಕಂಪ್ರೆಸರ್ ಥರ ಏಳುವಾಗಲೇ ಭಾರ ಇರುವ ಮಷೀನ್ ಆದರೆ ಒಂದು ಅಳತೆ ಮೇಲೆ, 2.2 ಕಿಲೋವ್ಯಾಟಿನದು ತನ್ನಿ. ತಗಡಿನ ಶೆಡ್ ಆಗಿದ್ದರೂ ಅಷ್ಟೇ. ಇವೆಲ್ಲ 40 ಡಿಗ್ರಿ ಸೆಲ್ಸಿಯಸ್‌ಗೆ ಅಂತ ಲೆಕ್ಕ ಹಾಕಿ ಮಾಡಿದವು, ನಮ್ಮ ಏಪ್ರಿಲ್ ಮೇ ಅದಕ್ಕೆ ಗೊತ್ತಿಲ್ಲ.

ಅಂಗಡಿಯಲ್ಲಿ ಕೇಳುವಾಗ "ಸಿಂಗಲ್ ಫೇಸ್ 220 ಇನ್‌ಪುಟ್, ತ್ರೀ ಫೇಸ್ 220 ಔಟ್‌ಪುಟ್" ಅಂತ ಪೂರ್ತಿ ಹೇಳಿ. ಕಾರ್ಖಾನೆಗೆ ಹೋಗುವ ಮಾಲು ಹೆಚ್ಚಾಗಿ ತ್ರೀ ಫೇಸ್ 415 ಇನ್‌ಪುಟ್ಟಿನದು, ಗುಜರಿಯಲ್ಲಿ ಅಗ್ಗಕ್ಕೆ ಸಿಗೋದೂ ಅದೇ. ಅದು ನಿಮ್ಮ ಮನೆಯಲ್ಲಿ ಕಡಿಮೆ ವೋಲ್ಟೇಜ್ ಅಂತ ತೋರಿಸಿ ಕೂತುಬಿಡುತ್ತದೆ. ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಸರಿಯಾಗಿ ಓದಲು ಬರುವ ಮ್ಯಾನ್ಯುಯಲ್ ಇಲ್ಲದ ಡಬ್ಬಿ ಎಷ್ಟೇ ಅಗ್ಗವಾದರೂ ತರಬೇಡಿ. ಪ್ಯಾರಾಮೀಟರ್ (ಸೆಟ್ಟಿಂಗ್) ನಂಬರ್ ಗೊತ್ತಿಲ್ಲದ ವಿಎಫ್‌ಡಿ ಬರೀ ಭಾರ.

ಮನೆಯ ವೈರಿಂಗ್

ಇದು ಬಹಳ ಜನ ಹಾರಿಸಿಬಿಡುವ ಭಾಗ. 5.9 ಆಂಪ್ ಮೋಟರ್ ಅಲ್ವಾ, ಗೋಡೆಯ ಪ್ಲಗ್ಗಿಗೇ ಹಾಕಿದರಾಯ್ತು ಅಂತ ಅಂದುಕೊಳ್ಳುತ್ತಾರೆ. ಆದರೆ ಮೋಟರಿಗೆ ಮೂರು ವೈರಿನಲ್ಲಿ ಹೋಗುವ ಶಕ್ತಿ ಎಲ್ಲಾ ನಿಮ್ಮ ಒಂದೇ ಫೇಸಿನಿಂದ ಬರಬೇಕು, ಅದೂ ವಿಎಫ್‌ಡಿ ಸಾಪಾಗಿ ಎಳೆಯುವುದಿಲ್ಲ, ಅಲೆಯ ತುದಿಯಲ್ಲಿ ಜಗ್ಗಿ ಜಗ್ಗಿ ಎಳೆಯುತ್ತದೆ. 1.5 ಕಿಲೋವ್ಯಾಟಿನದಕ್ಕೆ ಇನ್‌ಪುಟ್ ಕಡೆ 14 ಆಂಪ್ ಹತ್ತಿರ, 2.2ಕ್ಕೆ 23 ಹತ್ತಿರ ಅಂತ ಲೆಕ್ಕ ಇಟ್ಟುಕೊಳ್ಳಿ. ನಿಖರ ಅಂಕಿ ಅದರ ಮೈಮೇಲೇ ಇರುತ್ತದೆ.

ಹಾಗಾಗಿ ಮೇನ್ ಬೋರ್ಡಿನಿಂದ ನೇರವಾಗಿ ಬೇರೆಯೇ ಲೈನ್ ಎಳೆಸಿ. 1.5 ಕಿಲೋವ್ಯಾಟಿಗೆ 4 ಸ್ಕ್ವೇರ್ ಎಂಎಂ ತಾಮ್ರದ ವೈರ್, 20 ಆಂಪಿನ ಎಂಸಿಬಿ. 2.5 ಕೂಡ ಲೆಕ್ಕಕ್ಕೆ ಸಾಕು, ಆದರೆ ಬಿಸಿಲಿಗೆ ಕಾದ ಗೋಡೆಯೊಳಗಿನ ಪೈಪಿನಲ್ಲಿ ಹೋಗುವ ವೈರಿಗೆ ಸ್ವಲ್ಪ ದಪ್ಪ ಇರಲಿ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಬರೆದಿರುತ್ತದೆ, ನೋಡಿ. 1 ಕಿಲೋವ್ಯಾಟ್ ಇದ್ದರೆ ಮಷೀನಿನ ಮಾತು ಬಿಡಿ, ಮೊದಲು ಲೋಡ್ ಹೆಚ್ಚಿಸಲು ಅರ್ಜಿ ಕೊಡಿ. ಮೀಟರ್ ಬೋರ್ಡಿನ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಮನೆಯ ಯುಪಿಎಸ್ ಲೈನಿಗೆ ಮಾತ್ರ ಇದನ್ನು ತಗುಲಿಸಬೇಡಿ.

ಅರ್ಥಿಂಗ್ ಬಗ್ಗೆ ರಾಜಿ ಬೇಡ. ವಿಎಫ್‌ಡಿಯಿಂದ ಸ್ವಲ್ಪ ಕರೆಂಟ್ ಯಾವಾಗಲೂ ಅರ್ಥಿಗೆ ಸೋರುತ್ತದೆ, ಅದು ಅದರ ಫಿಲ್ಟರಿನ ಗುಣ. ಅರ್ಥ್ ವೈರ್ ಇಲ್ಲದಿದ್ದರೆ ಆ ಕರೆಂಟ್ ಲೇತಿನ ಬೆಡ್ ಮೇಲೆ ಕಾಯುತ್ತಾ ಕೂತಿರುತ್ತದೆ, ನೀವು ಬರಿಗಾಲಿನಲ್ಲಿ ಬಂದು ಮುಟ್ಟುವವರೆಗೆ. ನಮ್ಮದು ಕಲ್ಲುಭೂಮಿ, ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿ ಕಲ್ಲಾಗುತ್ತದೆ. ಇದ್ದಿಲು ಉಪ್ಪು ಹಾಕಿದ ಗುಂಡಿಗೆ ಆಗಾಗ ನೀರು ಹಾಕಿ, ಅರ್ಥ್ ಟೆಸ್ಟರಿನಲ್ಲಿ ಅಳೆಸಿ, 5 ಓಮ್ ಒಳಗೆ ಬಂದರೆ ನೆಮ್ಮದಿ. ನ್ಯೂಟ್ರಲ್ಲನ್ನೇ ಅರ್ಥಿಗೆ ಸುತ್ತುವ ಚಾಳಿ ಕೆಲವರಿಗಿದೆ. ಎಲ್ಲೋ ಒಂದು ಕಡೆ ನ್ಯೂಟ್ರಲ್ ಕಟ್ಟಾದರೆ ಇಡೀ ಮಷೀನ್ ಫೇಸ್ ಆಗುತ್ತದೆ.

ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಆಗಾಗ ಬೀಳುತ್ತಿದ್ದರೆ ತೆಗೆದು ಬಿಸಾಡಬೇಡಿ. ಸಾಧಾರಣ ಎಸಿ ಟೈಪಿನದು ವಿಎಫ್‌ಡಿಗೆ ಹೊಂದುವುದಿಲ್ಲ, ಈ ಲೈನಿಗೆ ಎ ಟೈಪ್ ಅಥವಾ ಮ್ಯಾನ್ಯುಯಲ್ ಹೇಳಿದ ಟೈಪನ್ನು ಬೇರೆಯಾಗಿ ಹಾಕಿಸಿ.

ಜೋಡಿಸುವುದು

ಮಷೀನಿನ ಹಳೆಯ ವೈರಿಂಗ್ ಪೂರ್ತಿ ಬಿಚ್ಚಿ. ಡಿಒಎಲ್ ಸ್ಟಾರ್ಟರ್ (ಮೋಟರಿಗೆ ನೇರ ಲೈನ್ ಕೊಡುವ ಸ್ಟಾರ್ಟರ್), ಫಾರ್ವರ್ಡ್ ರಿವರ್ಸ್ ಡ್ರಮ್ ಸ್ವಿಚ್, ಕಂಡೆನ್ಸರ್ ಇದ್ದರೆ ಅದೂ. ವಿಎಫ್‌ಡಿಗೂ ಮೋಟರಿಗೂ ನಡುವೆ ಏನೂ ಇರಬಾರದು, ಬರೀ ಕೇಬಲ್. ಓಡುತ್ತಿರುವಾಗ ಮಧ್ಯದ ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಒಳಗಿನ ಟ್ರಾನ್ಸಿಸ್ಟರ್ ಹೋಗುತ್ತದೆ. ಆದರೆ ಆ ಡ್ರಮ್ ಸ್ವಿಚ್ಚಿನ ಹಿಡಿಕೆ ಕೈಗೆ ಅಭ್ಯಾಸ ಆಗಿರುತ್ತದೆ ನೋಡಿ, ಅದನ್ನು ಎಸೆಯುವುದು ಬೇಡ. ಅದರ ಕಾಂಟ್ಯಾಕ್ಟುಗಳಿಗೆ ವಿಎಫ್‌ಡಿಯ ಕಂಟ್ರೋಲ್ ಟರ್ಮಿನಲ್ಲಿನಿಂದ ತೆಳು ವೈರ್ ತನ್ನಿ. ಫಾರ್ವರ್ಡಿಗೊಂದು, ರಿವರ್ಸಿಗೊಂದು, ಕಾಮನ್ ಒಂದು. ಕಾಂಟ್ಯಾಕ್ಟ್ ಮಾತ್ರ ಚೊಕ್ಕಟವಾಗಿರಲಿ, 24 ವೋಲ್ಟಿನ ಸಣ್ಣ ಕರೆಂಟ್ ಕಿಲುಬಿನ ಮೇಲೆ ಹಾಯುವುದಿಲ್ಲ.

ಪವರ್ ಟರ್ಮಿನಲ್ಲುಗಳಲ್ಲಿ ಇನ್‌ಪುಟ್ ಕಡೆ ಎಲ್, ಎನ್ ಅಂತಲೋ ಆರ್, ಎಸ್, ಟಿ ಅಂತಲೋ ಇರುತ್ತದೆ. ಮೂರು ಇದ್ದರೆ ಯಾವ ಎರಡಕ್ಕೆ ಕೊಡಬೇಕು ಅಂತ ಮ್ಯಾನ್ಯುಯಲ್ ಹೇಳುತ್ತದೆ, ಊಹೆ ಬೇಡ. ಔಟ್‌ಪುಟ್ ಯು, ವಿ, ಡಬ್ಲ್ಯು. ಕರೆಂಟನ್ನು ಔಟ್‌ಪುಟ್ ಕಡೆ ಕೊಟ್ಟರೆ ಒಂದು ಸಲ ಢಂ ಅನ್ನುತ್ತದೆ, ಅಲ್ಲಿಗೆ ಮುಗಿಯಿತು. ಆನ್ ಮಾಡುವ ಮೊದಲು ಬೇರೆಯವರೊಬ್ಬರಿಗೆ ಇದನ್ನು ತೋರಿಸಿ ಓದಿಸಿ.

ಮೋಟರಿಗೆ ನಾಲ್ಕು ಕೋರಿನ ಶೀಲ್ಡ್ ಕೇಬಲ್, ಆದಷ್ಟು ಗಿಡ್ಡ. ನಾಲ್ಕನೇ ಕೋರ್ ಮೋಟರ್ ಬಾಡಿಯಿಂದ ವಿಎಫ್‌ಡಿಯ ಅರ್ಥಿಗೆ. ಟಿವಿಯಲ್ಲಿ, ರೇಡಿಯೋದಲ್ಲಿ ಕಿರಿಕಿರಿ ಬಂದರೆ ಶೀಲ್ಡನ್ನು ಅರ್ಥ್ ಮಾಡಿಲ್ಲ ಅಂತಲೇ ಮೊದಲು ಅನುಮಾನಿಸಿ.

ಕೂಲೆಂಟ್ ಪಂಪ್ ಇದ್ದರೆ ಅದನ್ನು ಇದೇ ವಿಎಫ್‌ಡಿಗೆ ಸೇರಿಸಬೇಡಿ. ಸ್ಪೀಡ್ ಇಳಿಸಿದಾಗ ಪಂಪೂ ನಿಧಾನ ಆಗುತ್ತದೆ. ಸಿಂಗಲ್ ಫೇಸಿನ ಸಣ್ಣ ಪಂಪ್ ಬೇರೆ ಹಾಕಿ. ಮಷೀನ್ ಲೈಟಿಗೂ ಬೇರೆ ಲೈನ್.

ಎಮರ್ಜೆನ್ಸಿ ಸ್ಟಾಪ್ ಬೇಕೇ ಬೇಕು. ವಿಎಫ್‌ಡಿಯ ಮೇಲಿರುವ ಕೆಂಪು ಸ್ಟಾಪ್ ಬಟನ್ ಅದಲ್ಲ. ಅಣಬೆ ತಲೆಯ ಕೆಂಪು ಬಟನ್ನನ್ನು ನೀವು ನಿಂತ ಜಾಗದಿಂದ ಮೊಣಕೈ ತಾಗಿಸಿದರೂ ಒತ್ತುವ ಹಾಗೆ ಹಾಕಿ, ಇನ್‌ಪುಟ್ ಕಡೆಯ ಕಾಂಟ್ಯಾಕ್ಟರನ್ನು (ಕಾಯಿಲಿನಿಂದ ನಡೆಯುವ ಪವರ್ ಸ್ವಿಚ್) ಅದು ಬೀಳಿಸಲಿ. ದಿನಾ ನಿಲ್ಲಿಸೋದು ಕಂಟ್ರೋಲಿನಿಂದ, ಇದು ಆಪತ್ತಿಗೆ ಮಾತ್ರ.

ಮತ್ತೆ ಒಂದು ಮಾತು. ಆಫ್ ಮಾಡಿದ ಮೇಲೂ ಒಳಗಿನ 325 ವೋಲ್ಟ್ ಕೆಲವು ನಿಮಿಷ ಹಾಗೇ ಇರುತ್ತದೆ. ಡಿಸ್‌ಪ್ಲೇ ಆರಿದ ಮೇಲೆ 10 ನಿಮಿಷ ಬಿಟ್ಟು, ಮೀಟರಿನಲ್ಲಿ ಅಳೆದು, ಆಮೇಲೆ ಕೈ ಹಾಕಿ.

ಪ್ಯಾರಾಮೀಟರ್

ಮ್ಯಾನ್ಯುಯಲ್ಲಿನಲ್ಲಿ ನೂರಾರು ಇರುತ್ತವೆ, ನಿಮಗೆ ಬೇಕಾದದ್ದು ಹತ್ತು. ಮೋಟರ್ ವೋಲ್ಟೇಜ್ 230, ಆಂಪ್ 5.9, ಫ್ರೀಕ್ವೆನ್ಸಿ 50, ಆರ್‌ಪಿಎಂ ಪ್ಲೇಟಿನಲ್ಲಿರುವಷ್ಟೇ. ಆಂಪನ್ನು 3.4 ಅಂತ ಹಾಕಿದರೆ ಸುಮ್ನೆ ಓವರ್‌ಲೋಡ್ ಅಂತ ಟ್ರಿಪ್ ಆಗುತ್ತದೆ, 10 ಅಂತ ಹಾಕಿದರೆ ಮೋಟರ್ ಸುಟ್ಟರೂ ಟ್ರಿಪ್ ಆಗುವುದಿಲ್ಲ. ಹಳೆಯ ಓವರ್‌ಲೋಡ್ ರಿಲೇ ತೆಗೆದಿದ್ದೀರಿ, ಈಗ ಕಾವಲು ಈ ಅಂಕಿಯೇ.

ಏಳುವ ಸಮಯ 4 ಸೆಕೆಂಡ್, ನಿಲ್ಲುವ ಸಮಯ 5 ಸೆಕೆಂಡ್ ಇಟ್ಟು ಶುರು ಮಾಡಿ. ನಿಲ್ಲುವುದನ್ನು ಗಡಿಬಿಡಿ ಮಾಡಿದರೆ ಭಾರದ ಚಕ್ ತಿರುಗುತ್ತಾ ಕರೆಂಟನ್ನು ಹಿಂದಕ್ಕೆ ತಳ್ಳುತ್ತದೆ, ವಿಎಫ್‌ಡಿ ಓವರ್ ವೋಲ್ಟೇಜ್ ಅಂತ ಬಿದ್ದುಹೋಗುತ್ತದೆ. ಬೇಗ ನಿಲ್ಲಲೇಬೇಕಿದ್ದರೆ ಬ್ರೇಕ್ ರೆಸಿಸ್ಟರ್ ಹಾಕಿ. ಚಕ್ ಥ್ರೆಡ್ಡಿನಿಂದ ಕೂರುವ ಹಳೆಯ ಲೇತ್ ಆಗಿದ್ದರೆ ಜೋರು ಬ್ರೇಕೂ ಬೇಡ, ರಿವರ್ಸಿನಲ್ಲಿ ಕಟಿಂಗೂ ಬೇಡ. ಚಕ್ ಬಿಚ್ಚಿಕೊಂಡು ಕಾಲಮೇಲೆ ಬೀಳುತ್ತದೆ.

ಕೆಳಗಿನ ಮಿತಿ 20 ಹರ್ಟ್ಸ್, ಮೇಲಿನದು ಸದ್ಯಕ್ಕೆ 50. ಮೋಟರಿನ ಫ್ಯಾನ್ ಅದೇ ಶಾಫ್ಟಿನಲ್ಲಿರೋದು, ನಿಧಾನ ತಿರುಗಿದರೆ ಗಾಳಿಯೂ ಇಲ್ಲ. ನಿಧಾನ ಮತ್ತು ಭಾರದ ಕಟಿಂಗ್ ಎರಡೂ ಬೇಕಾದಾಗ ಬೆಲ್ಟ್ ಬದಲಿಸಿ, ಗುಂಡಿ ತಿರುಗಿಸಬೇಡಿ. ಸ್ಪೀಡ್ ಗುಂಡಿ ಸಿಕ್ಕಿದ ಖುಷಿಗೆ ಪುಲ್ಲಿಗಳನ್ನು ಮರೆಯುವವರೇ ಹೆಚ್ಚು.

ಕಂಟ್ರೋಲ್ ಮೋಡ್ ಮೊದಲಿಗೆ ಸಾದಾ ವೋಲ್ಟ್ ಪರ್ ಹರ್ಟ್ಸ್ (ಸ್ಪೀಡಿಗೆ ತಕ್ಕಷ್ಟು ವೋಲ್ಟ್ ಕೊಡುವುದು) ಇರಲಿ, ಎಲ್ಲಾ ಸರಿ ಓಡಿದ ಮೇಲೆ ಆಟೋ ಟ್ಯೂನ್ ಮಾಡಿ, ಅಂದ್ರೆ ವಿಎಫ್‌ಡಿಯೇ ಮೋಟರನ್ನು ಅಳೆದುಕೊಳ್ಳಲು ಬಿಟ್ಟು, ವೆಕ್ಟರ್ ಮೋಡ್ ನೋಡಬಹುದು.

ಇನ್ನೊಂದು ಪ್ಯಾರಾಮೀಟರ್ ನಮ್ಮ ಕಡೆಗೆ ಬಹಳ ಮುಖ್ಯ: ಕರೆಂಟ್ ಹೋಗಿ ಬಂದಾಗ ತಾನೇ ಏಳಬೇಕಾ ಅನ್ನೋದು. ಬೇಡ ಅಂತ ಹಾಕಿ. ಅದು ಬರೀ ಪ್ಯಾರಾಮೀಟರಿನಲ್ಲಿದ್ದರೆ ಸಾಲದು, ಡ್ರಮ್ ಸ್ವಿಚ್ ಆನ್ ಇರುವಾಗಲೇ ಕರೆಂಟ್ ಬಂದರೂ ಮಷೀನ್ ಏಳಬಾರದು. ಒಮ್ಮೆ ಎಂಸಿಬಿ ಆಫ್ ಮಾಡಿ ಆನ್ ಮಾಡಿ ಕಣ್ಣಾರೆ ನೋಡಿ. ಕರೆಂಟ್ ಹೋಯ್ತು ಅಂತ ಚಕ್ಕಿನಲ್ಲಿ ಕೀ ಇಟ್ಟು ಚಾ ಕುಡಿಯಲು ಹೋಗುವವರು ನಾವು.

ಮೊದಲ ಓಟ

ಬೆಲ್ಟ್ ತೆಗೆಯಿರಿ. ಕೆಳಗಿನ ಮಿತಿಯಾದ 20 ಹರ್ಟ್ಸಿನಲ್ಲಿ ಬಿಡಿ. ತಿರುಗುವ ದಿಕ್ಕು ಉಲ್ಟಾ ಇದ್ದರೆ ಆಫ್ ಮಾಡಿ, ಕಾದು, ಔಟ್‌ಪುಟ್ಟಿನ ಯಾವುದಾದರೂ ಎರಡು ವೈರ್ ಅದಲು ಬದಲು ಮಾಡಿ. ನಿಧಾನಕ್ಕೆ 50ಕ್ಕೆ ಏರಿಸಿ. ಕೀ ಅಂತ ಸಣ್ಣ ಸ್ವರ ಬರೋದು ಸಹಜ, ಕ್ಯಾರಿಯರ್ ಫ್ರೀಕ್ವೆನ್ಸಿ (ವಿಎಫ್‌ಡಿ ಡಿಸಿಯನ್ನು ಕತ್ತರಿಸುವ ವೇಗ) ಏರಿಸಿದರೆ ಕಡಿಮೆಯಾಗುತ್ತದೆ, ಆದರೆ ವಿಎಫ್‌ಡಿ ಜಾಸ್ತಿ ಬಿಸಿಯಾಗುತ್ತದೆ. 4 ಕಿಲೋಹರ್ಟ್ಸ್ ಸುತ್ತಮುತ್ತ ಇರಲಿ. ಗರಗರ ಅಂದರೆ ಬೇರಿಂಗ್ ಹೋಗಿದೆ, ಅದು ವಿಎಫ್‌ಡಿ ದೋಷ ಅಲ್ಲ.

ಅರ್ಧ ಗಂಟೆ ಖಾಲಿ ಓಡಿಸಿ. ಮೋಟರ್ ಮೈಮೇಲೆ ಅಂಗೈ ಇಟ್ಟು ಹಿಡಿಯಲು ಆಗಬೇಕು. ಆಮೇಲೆ ಬೆಲ್ಟ್ ಹಾಕಿ, ಹಗುರ ಕಟ್ ತಗೊಂಡು ಡಿಸ್‌ಪ್ಲೇಯಲ್ಲಿ ಆಂಪ್ ನೋಡುತ್ತಾ ಹೋಗಿ. ಅದೇ ಹೊತ್ತಿಗೆ ಯಾರಾದರೂ ಮೇನ್ ಬೋರ್ಡಿನ ಹತ್ತಿರ ವೋಲ್ಟೇಜ್ ನೋಡಲಿ, ಎಂಸಿಬಿ ಬಿಸಿಯಾಗಿದೆಯಾ ಮುಟ್ಟಿ ನೋಡಲಿ.

ಬಿಸಿಲು, ಧೂಳು, ಜೀನ್ಸಿನ ನೂಲು

ವಿಎಫ್‌ಡಿಯನ್ನು ಮಷೀನಿನ ಮೈಮೇಲೆ ಕೂರಿಸಬೇಡಿ. ಗೋಡೆಗೆ, ನೆಟ್ಟಗೆ, ಮೇಲೆ ಕೆಳಗೆ 10 ಸೆಂಟಿಮೀಟರ್ ಜಾಗ ಬಿಟ್ಟು ಹಾಕಿ. ಪಡುವಣ ಬಿಸಿಲು ಬೀಳುವ ಗೋಡೆ ಬೇಡ. ನಮ್ಮಲ್ಲಿ ಮೂರು ಥರದ ಧೂಳು: ಗಣಿ ಕಡೆಯ ಕೆಂಪು ಮಣ್ಣು, ಗ್ರೈಂಡರಿನ ಕಬ್ಬಿಣದ ಪುಡಿ, ಪಕ್ಕದ ಮನೆಯಲ್ಲಿ ಜೀನ್ಸ್ ಹೊಲಿಯುತ್ತಿದ್ದರೆ ನೀಲಿ ನೂಲಿನ ಪುಡಿ. ಮೂರರಲ್ಲಿ ಕೆಟ್ಟದ್ದು ಕಬ್ಬಿಣದ್ದು, ಬೋರ್ಡಿನ ಮೇಲೆ ಕೂತರೆ ಶಾರ್ಟೇ. ನೂಲಿನ ಪುಡಿ ಹೀಟ್‌ಸಿಂಕಿನ ಸಂದಿಯಲ್ಲಿ ಹಾಸಿಗೆಯಂತೆ ಕಟ್ಟಿಕೊಳ್ಳುತ್ತದೆ, ಫ್ಯಾನ್ ತಿರುಗುತ್ತಿದ್ದರೂ ಗಾಳಿ ಹಾಯುವುದಿಲ್ಲ. ಫಿಲ್ಟರ್ ಮತ್ತು ಫ್ಯಾನ್ ಇರುವ ತಗಡಿನ ಪೆಟ್ಟಿಗೆಯೊಳಗೆ ಹಾಕಿ, ಪೆಟ್ಟಿಗೆ ಚಿಕ್ಕದಾಗಿರಬಾರದು. ತಿಂಗಳಿಗೊಮ್ಮೆ ಆಫ್ ಮಾಡಿ ಬ್ಲೋಯರ್ ಹೊಡೆಯಿರಿ. ಮೊದಲ ತಿಂಗಳಾದ ಮೇಲೆ ಎಲ್ಲಾ ಸ್ಕ್ರೂ ಒಮ್ಮೆ ಬಿಗಿ ಮಾಡಿ. ನೀವು ಹಾಕಿದ ಪ್ಯಾರಾಮೀಟರುಗಳನ್ನು ಒಂದು ಹಾಳೆಯಲ್ಲಿ ಬರೆದು ಪೆಟ್ಟಿಗೆ ಬಾಗಿಲ ಒಳಗೆ ಅಂಟಿಸಿ, ಯಾರೋ ಹುಡುಗ ರೀಸೆಟ್ ಒತ್ತಿದ ದಿನ ಬೇಕಾಗುತ್ತದೆ.

ಟ್ರಿಪ್ ಆದರೆ ಡಿಸ್‌ಪ್ಲೇಯ ಕೋಡ್ ಬರೆದುಕೊಂಡ ಮೇಲೆ ರೀಸೆಟ್ ಮಾಡಿ. ಏಳುವಾಗಲೇ ಓವರ್ ಕರೆಂಟ್ ಬಂದರೆ ಏಳುವ ಸಮಯ ಹೆಚ್ಚಿಸಿ, ಬೆಲ್ಟ್ ಬಿಗಿ ನೋಡಿ. ನಿಲ್ಲುವಾಗ ಓವರ್ ವೋಲ್ಟೇಜ್ ಆದರೆ ನಿಲ್ಲುವ ಸಮಯ ಹೆಚ್ಚಿಸಿ. ಮಧ್ಯಾಹ್ನ ಮಾತ್ರ ಓವರ್ ಹೀಟ್ ಆದರೆ ಫಿಲ್ಟರ್ ನೋಡಿ. ಅಂಡರ್ ವೋಲ್ಟೇಜ್ ಬಂದರೆ ಮೊದಲು ನಿಮ್ಮ ಲೈನಿನ ಜಾಯಿಂಟುಗಳನ್ನೇ ನೋಡಿ, ಲೋಡ್ ಇರುವಾಗ ಮೇನ್ ಬೋರ್ಡಿನಲ್ಲಿ 225 ಇದ್ದು ವಿಎಫ್‌ಡಿ ಹತ್ತಿರ 205 ತೋರಿಸಿದರೆ ತಪ್ಪು ನಿಮ್ಮ ವೈರಿನದು. ಮೇನಿನಲ್ಲೇ ಕಡಿಮೆ, ಅದೂ ಸಂಜೆ ಹೊತ್ತು ಮಾತ್ರ ಅಂತಾದರೆ ಟ್ರಾನ್ಸ್‌ಫಾರ್ಮರ್ ಮೇಲೆ ಲೋಡ್ ಜಾಸ್ತಿಯಾಗಿದೆ. ಒಂದು ವಾರ ಯಾವ ಹೊತ್ತಿಗೆ ಎಷ್ಟು ವೋಲ್ಟ್ ಅಂತ ಬರೆದಿಟ್ಟು 1912ಕ್ಕೆ ದೂರು ಕೊಡಿ, ಅದೇ ಚೀಟಿಯ ಪ್ರತಿಯನ್ನು ಸೆಕ್ಷನ್ ಆಫೀಸಿಗೂ ಕೊಡಿ. ಅಲ್ಲಿಯವರೆಗೆ ಲೇತಿನ ಕೆಲಸ ಬೆಳಿಗ್ಗೆ ಮಾಡಿಕೊಳ್ಳಿ.